ಲಿಂಗಮ್ಮನ ಎಡಗಾಲು

ಶುಂಠಿ ಗದ್ದೆಗೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ. ಪಕ್ಕದ ಗದ್ದೆಯ ಕೊಳೆರೋಗ ಚಪ್ಪಲಿಗೆ ಅಂಟಿ ಬಂದರೆ ಇಡೀ ಬೆಳೆ ಮಣ್ಣುಪಾಲು. ಈ ಕಟ್ಟಳೆಯನ್ನು ಲಿಂಗಮ್ಮನಷ್ಟು ಬಿಗಿಯಾಗಿ ಪಾಲಿಸಿದವರು ಕುಶಾಲನಗರದಾಚೆಯ ಆ ಊರಲ್ಲಿ ಇನ್ನೊಬ್ಬರಿಲ್ಲ. ಹಾಸನದ ಕಡೆಯಿಂದ ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷವೂ ಬದುವಿನ ಮೇಲೆ ಚಪ್ಪಲಿ ಬಿಟ್ಟೇ ಗದ್ದೆಗಿಳಿದವಳು. ಸಕ್ಕರೆ ಕಾಯಿಲೆ ಬಂದ ಮೇಲೂ ಅದು ತಪ್ಪಲಿಲ್ಲ. ಆ ಕಾಯಿಲೆಯಲ್ಲಿ ಅಂಗಾಲು ಮರಗಟ್ಟುತ್ತದೆಂದು ಅವಳಿಗೆ ಹೇಳುವ ಪುರಸೊತ್ತು ಯಾರಿಗಿತ್ತು?

ಎಡಗಾಲಿಗೆ ಬಿದಿರಿನ ಸಿಬಿರು ಹೊಕ್ಕಿದ್ದು ಅವಳಿಗೆ ತಿಳಿದದ್ದು ಕೀವು ನಾತ ಹೊಡೆದಾಗ.

ಆಸ್ಪತ್ರೆ ಇಲ್ಲದೇನಿಲ್ಲ. ಏಳು ಕಿಲೋಮೀಟರ್ ದೂರದಲ್ಲಿ, ಹೊಸ ಬಣ್ಣ ಬಳಿಸಿಕೊಂಡು ಮದುಮಗನ ಹಾಗೆ ನಿಂತಿದೆ. ಡಾಕ್ಟರು ಮಾತ್ರ ಮಂಗಳವಾರ, ಶುಕ್ರವಾರ. ಉಳಿದ ದಿನ ಇನ್ನೊಂದು ಆಸ್ಪತ್ರೆಗೂ ಅವರೇ. ಮಂಗಳವಾರ ಹೋದರೆ ಡಾಕ್ಟರು ಮೀಟಿಂಗಿನಲ್ಲಿದ್ದರು. ಶುಕ್ರವಾರ ರಸ್ತೆಯಲ್ಲಿ ಆನೆ ನಿಂತು ಬಸ್ಸು ಬರಲಿಲ್ಲ. ಆನೆ ದಾಟಿದ ಮೇಲೆ ಕುಂಟುತ್ತ ಹೋಗಿ ತಲುಪುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ನರ್ಸ್ ಕುಸುಮಾ ಗಾಯ ನೋಡಿ ಬೆಚ್ಚಿದಳು.

"ಅಮ್ಮಾ, ಇದು ನನ್ನ ಕೈಲಾಗೋದಲ್ಲ. ಮಡಿಕೇರಿಗೇ ಹೋಗ್ಬೇಕು."

ಆಂಬುಲೆನ್ಸಿಗೆ ಅವಳೇ ಫೋನು ಮಾಡಿದಳು. ಗಾಡಿ ಹೆರಿಗೆಗೆ ಹೋಗಿತ್ತು. ಮಧ್ಯಾಹ್ನ ಮೂರರವರೆಗೆ ಕಾದು ಲಿಂಗಮ್ಮ ಎದ್ದಳು. "ಮಂಗ್ಳಾರ ಬತ್ತೀನಿ ಬುಡವ್ವ."

ಮನೆಗೆ ಬಂದರೆ ಗಂಡ ಕೃಷ್ಣಪ್ಪ ಬೇರೆಯದೇ ಗಾಬರಿಯಲ್ಲಿದ್ದ: ನಾಲ್ಕು ಬುಡ ಶುಂಠಿ ಹಳದಿಯಾಗಿತ್ತು. ಬೆಳೆಗೆ ಹೊಡೆಯುವ ಔಷಧಿ ಕಂಪನಿಯ ಸಿದ್ಧಾರ್ಥನಿಗೆ ಒಂದು ಫೋನು ಹೋಯಿತು, ಅರ್ಧ ಗಂಟೆಯಲ್ಲಿ ಅವನ ಬೈಕು ಬದುವಿಗೆ ಬಂತು. ಶೂ ಬಿಚ್ಚಿಟ್ಟು ಇಳಿದು, ಗೆಡ್ಡೆ ಕಿತ್ತು ಮೂಸಿ ನೋಡಿ ಹೇಳಿದ: "ಈ ಬುಡ ಕಿತ್ತು ದೂರ ಹಾಕಿ. ಸುತ್ತ ಮೈಲುತುತ್ತು, ಸುಣ್ಣ ಕಲಸಿ ಹುಯ್ಯಿ. ಕೊಳೆ ಅಲ್ಲೇ ನಿಲ್ಲುತ್ತೆ."

ಕೃಷ್ಣಪ್ಪ ಮೈಲುತುತ್ತು ಕಲಸಿ ಹುಯ್ದ ಡ್ರಮ್ಮಿನ ತಳದಲ್ಲಿ ನೀಲಿ ಗಷ್ಟು ಉಳಿದಿತ್ತು. ಲಿಂಗಮ್ಮ ಅದನ್ನೇ ಗಾಯಕ್ಕೆ ದಪ್ಪಗೆ ಮೆತ್ತಿ ಬಟ್ಟೆ ಕಟ್ಟಿದಳು. ಒಂದಿಷ್ಟೂ ಉರಿಯಲಿಲ್ಲ. ಔಷಧಿ ಹಿಡಿಯಿತು ಎಂದು ಪಾಪದವಳು ಹಿಗ್ಗಿದಳು.

ಮಂಗಳವಾರ ಡಾಕ್ಟರು ಇದ್ದರು. ಬಟ್ಟೆ ಬಿಚ್ಚಿದರೆ ಮೇಲೆ ನೀಲಿ, ಕೆಳಗೆ ಕಪ್ಪು. ಅವರು ಬೈಯಲೂ ಇಲ್ಲ, ತಮ್ಮ ಕಾರಿನಲ್ಲೇ ಮಡಿಕೇರಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಮೊಣಕಾಲಿನ ಕೆಳಗೆ ಬೆರಳಿನಲ್ಲಿ ಗೆರೆ ಎಳೆದು, ಇಲ್ಲಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಕೃಷ್ಣಪ್ಪ ಗೋಳೋ ಎಂದು ಅತ್ತ. ಲಿಂಗಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೊಳೆ ಹತ್ತಿದ್ ಬುಡಾನ ಮಡಿಕ್ಕಂಡ್ರೆ ಪಾತಿನೇ ಹೋಯ್ತದೆ ಕಣ್ರೀ. ಕುಯ್ಲಿ ಬುಡಿ."

ಎರಡು ತಿಂಗಳ ಮೇಲೆ ಸಿದ್ಧಾರ್ಥ ತಾನಾಗಿಯೇ ಬಂದ. ನಾಲ್ಕು ಬುಡ ಬಿಟ್ಟರೆ ಗದ್ದೆಯೆಲ್ಲ ಹಸಿರು, ಅವನಿಗೂ ಹೆಮ್ಮೆ. ಬದುವಿನ ಮೇಲೆ ಲಿಂಗಮ್ಮ ಬಲಗಾಲಿನ ಚಪ್ಪಲಿ ಬಿಟ್ಟು, ಊರುಗೋಲು ಊರಿ ಇಳಿಯಲು ಹವಣಿಸುತ್ತಿದ್ದಳು.

"ಅಮ್ಮಾ, ಕೋಲು ಬೇಡ! ಅದರ ತುದೀಲೂ ರೋಗ ಬರುತ್ತೆ," ಎಂದು ಅವನು ಕೂಗಿದ.

ಅವನು ಹೇಳಿದ್ದು ಸರಿಯೇ ಎಂದು ಅವಳಿಗೂ ಗೊತ್ತು. ಕೋಲನ್ನು ಚಪ್ಪಲಿಯ ಪಕ್ಕ ಮಲಗಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಡಿಯೂರಿ ತೆವಳುತ್ತ ಕಳೆ ಕೀಳಲು ಗದ್ದೆಗಿಳಿದಳು.