ಕೆಳಗಿನ ಪೈಪಿನ ಬಿಸಿ

ಅವರನ್ನು ಎಲ್ಲರೂ ನೀರಣ್ಣ ಎಂದೇ ಕರೆಯುತ್ತಿದ್ದರು. ಶೆಡ್ಡಿಗೆ ಬಂದ ಕಾರಿನ ಬ್ರೇಕು ಕೆಟ್ಟಿರಲಿ, ದೀಪ ಹೊತ್ತದಿರಲಿ, ಅವರ ಮೊದಲ ಪ್ರಶ್ನೆ ಒಂದೇ: "ನೀರು ನೋಡಿದ್ರಾ?" ಒಮ್ಮೆ ಒಬ್ಬ ಗಿರಾಕಿ, "ಅಣ್ಣಾ, ನಾನು ಸೀಟು ಹೊಲಿಸೋಕೆ ಬಂದಿರೋದು" ಎಂದ. "ಹೊಲಿಸೋಣ ಬಿಡಿ, ಮೊದ್ಲು ನೀರು ನೋಡೋಣ" ಎಂದರು ನೀರಣ್ಣ.

ಮೂವತ್ತೆಂಟು ವರ್ಷ ಅವರು ಹಳೆಯ ಕಾರುಗಳ ಎಂಜಿನ್ ತಣ್ಣಗಿಟ್ಟರು. ರೇಡಿಯೇಟರ್ ಬಿಚ್ಚಿ ತುಕ್ಕು ತೊಳೆಯುವುದು, ಸೋರುವಲ್ಲಿ ಬೆಸುಗೆ ಹಾಕುವುದು, ಸಡಿಲವಾದ ಬೆಲ್ಟು ಬಿಗಿಯುವುದು, ಇವನ್ನೆಲ್ಲ ಬೇರೆಯವರೂ ಮಾಡುತ್ತಿದ್ದರು. ಆದರೆ ಜನ ಬರುತ್ತಿದ್ದುದು ಅವರ ಅಂಗೈಗಾಗಿ. ಎಂಜಿನ್ ಓಡುತ್ತಿರುವಾಗಲೇ ಬಲಗೈಯನ್ನು ರೇಡಿಯೇಟರಿನ ಮೇಲಿನ ಪೈಪಿನ ಮೇಲೂ ಎಡಗೈಯನ್ನು ಕೆಳಗಿನ ಪೈಪಿನ ಮೇಲೂ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಎಂಜಿನ್ನಿನಿಂದ ನೀರು ಸುಡುತ್ತಾ ಬಂದು ಮೇಲಿನ ಪೈಪಿನಲ್ಲಿ ಇಳಿಯಬೇಕು. ಗಾಳಿಗೆ ತಣಿದು, ಬರೀ ಬೆಚ್ಚಗಾಗಿ ಕೆಳಗಿನ ಪೈಪಿನಲ್ಲಿ ಹಿಂದಿರುಗಬೇಕು. ಎರಡು ಕೈಗಳ ನಡುವಿನ ಆ ವ್ಯತ್ಯಾಸವನ್ನು ಹಿಡಿದು ಅವರು ಕಾರಿನ ಆರೋಗ್ಯ ಹೇಳುತ್ತಿದ್ದರು.

ಹೋದ ವರ್ಷ ಅವರು ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟರು. ಹೆಂಡತಿ ಇಕ್ಕಳ ಹಿಡಿದು ನಿಂತಲ್ಲೇ ನಿಂತಳು.

"ಸುಡಲಿಲ್ವೇನ್ರೀ?"

"ಕಬ್ಬಿಣದ ಕೈ ಕಣೇ ಇದು."

ಅವಳು ನಗಲಿಲ್ಲ. ಮರುದಿನವೇ ಆಸ್ಪತ್ರೆಗೆ ಹೊರಡಿಸಿದಳು. ಸಕ್ಕರೆ ಕಾಯಿಲೆ ಕೈಯ ನರಗಳ ತುದಿಯನ್ನು ತಿಂದುಹಾಕಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಹಿಂತಿರುಗುವ ದಾರಿಯಲ್ಲಿ ನೀರಣ್ಣ, "ಯಾರಿಗೂ ಹೇಳ್ಬೇಡ" ಎಂದರು.

"ಹೇಳಲ್ಲ. ಆದ್ರೆ ಬಿಸಿ ಅಳೆಯೋ ಯಂತ್ರ ಒಂದು ತಗೊಳ್ಳಿ."

"ಅಡುಗೆಯವನು ಉಪ್ಪು ನೋಡೋಕೆ ಯಂತ್ರ ಇಟ್ಕೊಂಡ್ರೆ ಊಟಕ್ಕೆ ಯಾರೇ ಬರ್ತಾರೆ?"

ಅಲ್ಲಿಂದ ಅವರ ಬದುಕು ಕಳ್ಳತನದ್ದಾಯಿತು. ಗಿರಾಕಿ ಅತ್ತ ತಿರುಗಿದಾಗ ಪೈಪಿನ ಮೇಲೆ ಎರಡು ಹನಿ ನೀರು ಚಿಮುಕಿಸಿ, ಅದು ಎಷ್ಟು ಬೇಗ ಆರುತ್ತದೆ ಎಂದು ನೋಡುವರು. ಆಮೇಲೆ ಕೈಯಿಟ್ಟು ಕಣ್ಣು ಮುಚ್ಚುವರು.

ಟೀಚರಮ್ಮ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರ ಕಾರಿಗೆ ಐವತ್ತೆರಡು ವರ್ಷ. ಆ ಎಂಜಿನ್ನನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು; ಕೆಟ್ಟರೆ ಇನ್ನೊಂದಿಲ್ಲ. ಬೆಟ್ಟದ ಮೇಲಿನ ಊರಲ್ಲಿ ಕಾಲು ಸೋತು ಕೂತ ತಂಗಿಯಿದ್ದಳು. ಅವಳನ್ನು ಈ ಕಾರಿನಲ್ಲಿ ಒಂದು ಸುತ್ತು ಕರೆದೊಯ್ಯುವ ಆಸೆ.

"ಬೆಟ್ಟ ಹತ್ತುತ್ತಾ ನೀರಣ್ಣ? ನೀವು ಹೂಂ ಅಂದ್ರೆ ಹೊರಡ್ತೀನಿ, ಊಹೂಂ ಅಂದ್ರೆ ಇಲ್ಲ."

ನೀರಣ್ಣ ಎಂಜಿನ್ ಓಡಿಸಿದರು, ಕಾದರು. ಟೀಚರಮ್ಮ ಪಕ್ಕದಲ್ಲೇ ನಿಂತು, ಮಕ್ಕಳ ಉತ್ತರಪತ್ರಿಕೆ ತಿದ್ದುವಂತೆ ಅವರ ಕೈಯನ್ನೇ ನೋಡುತ್ತಿದ್ದರು. ನೀರು ಚಿಮುಕಿಸುವ ಹಾಗಿರಲಿಲ್ಲ. ಅವರು ಎರಡೂ ಪೈಪು ಹಿಡಿದರು. ಬಲಗೈಗೂ ಏನಿಲ್ಲ, ಎಡಗೈಗೂ ಏನಿಲ್ಲ. ಏನಾದರೂ ತಿಳಿದೀತೇನೋ ಎಂದು ಇನ್ನಷ್ಟು ಬಿಗಿಯಾಗಿ, ಇನ್ನಷ್ಟು ಹೊತ್ತು ಹಿಡಿದರು. ಹೋದ ತಿಂಗಳಷ್ಟೇ ತಾವೇ ತೊಳೆದ ರೇಡಿಯೇಟರ್, ಕೆಡಲು ಏನಿದೆ ಎಂದುಕೊಂಡರು.

"ಹೂಂ" ಎಂದರು.

ಕಾರು ಹೋಗಿ ಮುಕ್ಕಾಲು ಗಂಟೆಯಾಗಿರಬಹುದು. ಹೆಂಡತಿ ಚಹಾ ತಂದಳು. ಲೋಟ ಕೊಡಹೋದವಳು ಅವರ ಕೈ ನೋಡಿ ತಡೆದಳು. ಬಲ ಅಂಗೈಯಲ್ಲಿ ಉದ್ದಕ್ಕೆ ಬೊಬ್ಬೆ ಎದ್ದಿತ್ತು. ನೀರಣ್ಣ ಮೆಲ್ಲಗೆ ಎಡಗೈ ಬಿಡಿಸಿದರು. ಅಲ್ಲೂ ಅಷ್ಟೇ ದೊಡ್ಡ ಬೊಬ್ಬೆ.

ಕೆಳಗಿನ ಪೈಪೂ ಸುಡುತ್ತಿತ್ತು. ನೀರು ಓಡುತ್ತಿದೆ, ತಣಿಯುತ್ತಿಲ್ಲ. ಕೈಗೆ ಎಲ್ಲ ತಿಳಿದಿತ್ತು. ಅವರಿಗೆ ಹೇಳಿದ್ದು ಮಾತ್ರ ಈಗ.

ಫೋನ್ ಮಾಡಿದರು. ಟೀಚರಮ್ಮ ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟುವವರಲ್ಲ ಅವರು. ಮತ್ತೆ ಮಾಡಿದರು. ಮತ್ತೆ.

"ಬಿಸಿ ತೋರಿಸೋ ಮುಳ್ಳು ನೋಡಿ ನಿಲ್ಲಿಸ್ತಾರೆ ಬಿಡ್ರೀ" ಎಂದಳು ಹೆಂಡತಿ, ಸ್ಕೂಟರ್ ಹೊರತೆಗೆಯುತ್ತಾ.

"ನೀರು ಕುದ್ದು ಖಾಲಿಯಾದ್ರೆ ಮುಳ್ಳು ಕೆಳಗಿಳಿಯುತ್ತೆ ಕಣೇ. ಅದಕ್ಕೆ ನೀರು ತಾಗಿದ್ರೆ ತಾನೇ ಬಿಸಿ ಗೊತ್ತಾಗೋದು? ಅವರು ತಣ್ಣಗಾಯ್ತು ಅಂದ್ಕೊಳ್ತಾರೆ. ಇದನ್ನ ನಾನು ಅವರಿಗೆ ಯಾವತ್ತೂ ಹೇಳಿಲ್ಲ."

ತಮ್ಮ ಕೈ ಇರುವಾಗ ಮುಳ್ಳಿನ ಮಾತೇಕೆ ಎಂದು ಹೇಳಿರಲಿಲ್ಲ. ಬೊಬ್ಬೆಯ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವರು ಹೆಂಡತಿಯ ಹಿಂದೆ ಕೂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅವಳು ಅನ್ನಬಹುದಿತ್ತು. ಬದಲಿಗೆ ವೇಗ ಹೆಚ್ಚಿಸಿದಳು. ಸ್ಕೂಟರ್ ಏರಿನಲ್ಲಿ ಏದುಸಿರು ಬಿಡುತ್ತಾ ಹತ್ತಿತು.

ಮೂರನೇ ತಿರುವಿನಲ್ಲಿ ಕಾರು ನಿಂತಿತ್ತು. ಬಾನೆಟ್ ತೆರೆದಿತ್ತು. ಟೀಚರಮ್ಮ ನೀರಿನ ಕ್ಯಾನು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಇವರನ್ನು ಕಂಡು ಮುಖ ಅರಳಿತು.

"ಹೇಗೆ ಗೊತ್ತಾಯ್ತು ನಿಮಗೆ? ಮುಳ್ಳು ಮೊದ್ಲು ಏರ್ತು. ನೀವು ಹೂಂ ಅಂದಿದ್ರಲ್ಲ, ಹೆದರಲಿಲ್ಲ. ಆಮೇಲೆ ಅದೇ ಇಳಿದುಹೋಯ್ತು. ಸರಿಹೋಯ್ತು ಅಂತ ಖುಷಿಯಾಯ್ತು. ಆಮೇಲೆ ಒಂದ್ಸಲ ಕಿರ್ರ್ ಅಂತು, ನಿಂತುಬಿಡ್ತು. ಕೀಲಿ ತಿರುಗಿಸಿದ್ರೆ ಟಕ್ ಅನ್ನುತ್ತೆ, ಅಷ್ಟೇ."

ನೀರಣ್ಣನಿಗೆ ಅಷ್ಟು ಸಾಕಾಗಿತ್ತು. ಒಳಗೆ ಕಬ್ಬಿಣ ಕಬ್ಬಿಣವನ್ನು ಕಚ್ಚಿಕೊಂಡಿತ್ತು.

"ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಬಾರದು ಅಂತ ನೀವೇ ಹೇಳಿದ್ರಿ. ಅದಕ್ಕೇ ಕಾಯ್ತಿದೀನಿ. ಸ್ವಲ್ಪ ಕೈಯಿಟ್ಟು ಹೇಳಿ, ಈಗ ಹಾಕಬಹುದಾ?"

ಅವರು ಕೈ ಚಾಚಿದರು. ಅರ್ಧ ದಾರಿಯಲ್ಲಿ ಅದು ನಿಂತಿತು. ಹಾಗೆಯೇ ಅಂಗೈ ಮೇಲೆ ಮಾಡಿ ಟೀಚರಮ್ಮನ ಮುಂದೆ ಹಿಡಿದರು.

"ನನ್ನ ಕೈಗೆ ಬಿಸಿ ಗೊತ್ತಾಗಲ್ಲ ಟೀಚರಮ್ಮ. ಒಂದು ವರ್ಷ ಆಯ್ತು."

ಟೀಚರಮ್ಮ ಬೊಬ್ಬೆಗಳನ್ನು ನೋಡಿದರು. ಒಂದು, ಎರಡು.

"ಬೆಳಿಗ್ಗೆನೂ?"

"ಬೆಳಿಗ್ಗೆನೂ."

ಟೀಚರಮ್ಮ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನೀರಣ್ಣನ ಹೆಂಡತಿ ಮುಂದೆ ಬಂದು ತನ್ನ ಕೈಯನ್ನು ಎಂಜಿನ್ನಿಗೆ ತಾಗಿಸಿ, ಥಟ್ಟನೆ ಎಳೆದುಕೊಂಡಳು.

"ಇನ್ನೂ ಸುಡ್ತಿದೆ. ಕಾಯೋಣ."

ಮೂವರೂ ರಸ್ತೆಯಂಚಿನ ಕಟ್ಟೆಯ ಮೇಲೆ ಕೂತರು. ಎಂಜಿನ್ ತಣಿದರೂ ಇನ್ನು ಓಡುವುದಿಲ್ಲ ಎಂಬುದನ್ನೂ ನೀರಣ್ಣ ಹೇಳಬೇಕಿತ್ತು. ಟೀಚರಮ್ಮ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು, ಒಂದು ಹನಿಯೂ ಚೆಲ್ಲದಂತೆ ಹಿಡಿದಿದ್ದರು.