ಡಾಕ್ಟರಿಗೆ ನಾನು ಹೇಳದ ಮಾತು

ನನ್ನ ತಂಗಿಗೆ ಗೋಧಿ ಆಗಿಬರುವುದಿಲ್ಲ ಎಂಬುದು ಗೊತ್ತಾಗಲು ಎಂಟು ವರ್ಷ ಹಿಡಿಯಿತು. ಅದರಲ್ಲಿ ಕೊನೆಯ ನಾಲ್ಕು ವರ್ಷ ತಡವಾದದ್ದು ನನ್ನಿಂದ. ನಾನು ಐದನೆಯ ಇಯತ್ತೆಯವರೆಗೆ ಓದಿದವಳು, ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬರೆದಿಡಬೇಕು ಅನಿಸಿದೆ.

ನಮ್ಮ ತವರು ಮಹಾರಾಷ್ಟ್ರದ ಗಡಿಯೊಳಗೆ, ಗಡಹಿಂಗ್ಲಜ ಹತ್ತಿರದ ಒಂದು ಕನ್ನಡ ಹಳ್ಳಿ. ಅವ್ವ ಮತ್ತು ತಂಗಿ ಅಲ್ಲಿರುತ್ತಾರೆ. ನಾನು ಮದುವೆಯಾಗಿ ಇಚಲಕರಂಜಿಗೆ ಬಂದೆ. ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಮರಾಠಿ ಕಲಿತೆ. ತಂಗಿಗೆ ಮರಾಠಿ ತಿಳಿಯುತ್ತಿತ್ತು, ಆಡಲು ಮಾತ್ರ ನಾಚಿಕೆ. ಹೀಗಾಗಿ ಆಸ್ಪತ್ರೆಯ ಮಾತೆಲ್ಲ ನನ್ನದೇ ಆಯಿತು.

ಅವಳಿಗೆ ಹದಿನಾರು ಇದ್ದಾಗ ಶುರುವಾದದ್ದು. ಉಂಡದ್ದು ನಿಲ್ಲುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಭೇದಿ. ಮುಖ ಬಿಳಿಚಿಕೊಂಡಿತು, ಕೂದಲು ಉದುರಿತು. ಒಬ್ಬರು ಜಂತು ಎಂದರು, ಇನ್ನೊಬ್ಬರು ರಕ್ತ ಕಡಿಮೆ ಎಂದರು, ಮತ್ತೊಬ್ಬರು ಮನಸ್ಸಿನದು ಎಂದರು. ಜೋಳದ ರೊಟ್ಟಿ ಜಡ, ಬೇನೆ ಬಿದ್ದವರಿಗೆ ಚಪಾತಿ ಹಗುರ ಎಂದು ನಾವು ಅವಳಿಗೆ ಮೂರು ಹೊತ್ತೂ ಚಪಾತಿ, ರವೆಯ ಗಂಜಿ ಕೊಟ್ಟೆವು. ಊರಿಗೆ ಹೋಗುವಾಗಲೆಲ್ಲ ನಾನು ಶಾವಿಗೆ, ಬಿಸ್ಕೀಟು ಒಯ್ಯುತ್ತಿದ್ದೆ. ಒಳ್ಳೆಯದನ್ನೇ ಒಯ್ಯುತ್ತಿದ್ದೇನೆ ಎಂದುಕೊಂಡಿದ್ದೆ.

ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸದಲ್ಲಿ, ನಮ್ಮ ಹೆಂಗಸರು ಬಸದಿಗೆ ಹೋಗಿ ಯಾವುದಾದರೂ ಒಂದು ಪದಾರ್ಥ ಬಿಡುವ ನೇಮ ಹಿಡಿಯುತ್ತಾರೆ. ನಾಲ್ಕನೆಯ ವರ್ಷ ತಂಗಿ ಗೋಧಿ ಬಿಟ್ಟಳು. ಅವ್ವ ನಕ್ಕಳು.

"ಮಂದಿ ತುಪ್ಪ ಬಿಡ್ತಾರ, ಸಕ್ಕರಿ ಬಿಡ್ತಾರ. ಇಕಿ ಚಪಾತಿ ಬಿಟ್ಟಾಳ ನೋಡು. ಲಟ್ಟಿಸೂದ ತಪ್ಪಿತಂತ."

"ನೇಮ ಅಂದ್ರ ನೇಮಬೇ. ದೇವರೇನ ಪಟ್ಟಿ ಕೊಟ್ಟಾನೇನ, ಇದ ಬಿಡು ಅದ ಬ್ಯಾಡ ಅಂತ?" ಎಂದಳು ತಂಗಿ.

ಅವಳು ರೊಟ್ಟಿ, ಅನ್ನ ಉಂಡು ನಾಲ್ಕು ತಿಂಗಳು ಕಳೆದಳು. ದೀಪಾವಳಿಗೆ ನಾನು ಹೋದಾಗ ಗುರುತು ಹತ್ತದ ಹಾಗೆ ಆಗಿದ್ದಳು. ಗಲ್ಲ ತುಂಬಿತ್ತು. ಭೇದಿ ನಿಂತಿತ್ತು. ಓಣಿಯವರೆಲ್ಲ ನೇಮದ ಪುಣ್ಯ ಎಂದರು, ನಾನೂ ಅದನ್ನೇ ಅಂದೆ. ನೇಮ ಮುಗಿದ ದಿನ ನನ್ನ ಕೈಯಾರೆ ಗೋಧಿ ಹುಗ್ಗಿ ಮಾಡಿ ಅವಳಿಗೆ ಮೊದಲ ತುತ್ತು ತಿನ್ನಿಸಿದೆ.

ಎಂಟು ದಿನಕ್ಕೆ ಮತ್ತೆ ಹಾಸಿಗೆ ಹಿಡಿದಳು. ನೇಮದಲ್ಲಿ ಏನೋ ತಪ್ಪಾಗಿರಬೇಕು ಎಂದು ಅವ್ವ ಹರಕೆ ಹೊತ್ತಳು. ನಾನು ತಂಗಿಯನ್ನು ಕೊಲ್ಹಾಪುರಕ್ಕೆ, ಮೊದಲು ತೋರಿಸಿದ್ದ ಡಾಕ್ಟರ ಕಡೆಗೆ, ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಹೇಳಿದಳು:

"ಪುಣ್ಯ ಅಲ್ಲಕ್ಕ, ಚಪಾತಿ. ಚಪಾತಿ ಬಿಟ್ಟಾಗ ಹೊಟ್ಟಿ ಸುಮ್ಮನಿತ್ತು. ಡಾಕ್ಟರಗ ಇದೊಂದ ಮಾತ ಹೇಳು."

ಅದೇ ಡಾಕ್ಟರು ಹಿಂದೊಮ್ಮೆ ಅವ್ವ ಉಪವಾಸದ ಸುದ್ದಿ ತೆಗೆದಾಗ ಹರಿಹಾಯ್ದಿದ್ದರು. "ಉಪಾಸ್ ತಾಪಾಸ್ ಸಾಂಗೂ ನಕಾ," ಉಪವಾಸ ಗಿಪವಾಸ ಹೇಳಬೇಡಿ, ಎಂದಿದ್ದರು. ನೀವೇ ಹುಡುಗಿಯನ್ನು ಉಪವಾಸ ಕೆಡವಿ ರಕ್ತ ಕಡಿಮೆ ಮಾಡಿದ್ದೀರಿ ಎಂದು ಎಲ್ಲರೆದುರಿಗೆ ಅಂದಿದ್ದರು. ಅದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಈಗ ನೇಮ, ಗೋಧಿ ಎಂದರೆ ನನಗೆ ಬೈಗುಳ ಬೀಳುವುದು ಗ್ಯಾರಂಟಿ ಅನಿಸಿತು. ನರ್ಸು ತಂಗಿಯನ್ನು ತೂಕ ನೋಡಲು ಹೊರಗೆ ಕರೆದೊಯ್ದರು. ಡಾಕ್ಟರು ನನ್ನನ್ನೇ ಕೇಳಿದರು, ಮತ್ತೇನಾದರೂ ಇದೆಯೇ ಎಂದು. ಇಲ್ಲ ಎಂದೆ.

ಹೊರಗೆ ಬಂದಾಗ ತಂಗಿ ಕೇಳಿದಳು, "ಹೇಳಿದಿ?"

"ಹೇಳಿದೆ."

"ಏನಂದ್ರು?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಂತ. ಎಲ್ಲಾ ತಿನ್ನಬೇಕಂತ."

ಎರಡನೆಯ ಸುಳ್ಳನ್ನು ಯಾಕೆ ಹೇಳಿದೆನೋ ನನಗೇ ತಿಳಿಯದು. ಅವಳು ಅದನ್ನು ನಂಬಿದಳು. ವಾಕರಿಕೆ ಬಂದರೂ ಚಪಾತಿ ತಿಂದಳು. ಚಾತುರ್ಮಾಸ ಬಂದರೆ ಈಗ ಅವ್ವನೇ ನೇಮ ಬೇಡ ಎನ್ನುತ್ತಿದ್ದಳು. ಹೀಗೆ ನಾಲ್ಕು ವರ್ಷ.

ಕೊನೆಗೆ ಬಚ್ಚಲಿನಲ್ಲಿ ಸಣ್ಣಗೆ ಜಾರಿ ಬಿದ್ದದ್ದಕ್ಕೆ ಅವಳ ಮುಂಗೈ ಮುರಿಯಿತು. ಇಪ್ಪತ್ನಾಲ್ಕರ ಹುಡುಗಿಗೆ ಮುದುಕಿಯ ಎಲುಬು ಹೇಗೆ ಬಂತು ಎಂದು ಎಲುಬಿನ ಡಾಕ್ಟರು ಬೇರೊಬ್ಬ ಲೇಡಿ ಡಾಕ್ಟರ ಕಡೆ ಕಳಿಸಿದರು. ಅವರು ರಕ್ತ ಪರೀಕ್ಷೆ ಮಾಡಿಸಿ, ಬಾಯಿಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆಸಿ ನೋಡಿದರು. ಸೀಲಿಯಾಕ್ ಎಂದು ಹೆಸರು ಹೇಳಿದರು. ಗೋಧಿ, ಮೈದಾ, ರವೆ ಜನ್ಮಪೂರ್ತಿ ಬಂದ್. ಮೊದಲೇ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದರು.

ತಂಗಿ ನನ್ನ ಕಡೆಗೆ ನೋಡಿ, "ನಮ್ಮಕ್ಕ ಹೇಳಿದ್ಲ್ರಿ ಆ ಡಾಕ್ಟರಗ. ಅಂವ ಕೇಳ್ಲಿಲ್ಲ. ಅವನ್ನ ಮೊದಲ ಕಿವಿ ಡಾಕ್ಟರ ಕಡೆ ಕಳಿಸಬೇಕಾಗಿತ್ತು," ಎಂದಳು ಕನ್ನಡದಲ್ಲೇ. ನಾನು ಅದನ್ನು ಮರಾಠಿಯಲ್ಲಿ ಹೇಳಲಿಲ್ಲ.

ಆಮೇಲೆ ಒಂದು ವರ್ಷ ಅವಳು ಆ ಡಾಕ್ಟರನ್ನು ಬೈದಳು, ನಾನು ಕೇಳಿಸಿಕೊಂಡೆ. ಬೈಗುಳವನ್ನು ಅವರು ತಿಂದರು, ದಣಿವು ನನಗಾಯಿತು. ಹೋದ ಬೇಸಿಗೆಯಲ್ಲಿ ಅವಳು ಜೋಳದ ಹಿಟ್ಟು ಸಾಣಿಸುತ್ತಿದ್ದಾಗ ಬಾಯಿ ಬಿಟ್ಟೆ.

"ಆ ಡಾಕ್ಟರಗ ನಾ ಹೇಳೇ ಇಲ್ಲವ್ವ, ಚಪಾತಿ ಮಾತ."

ಅವಳ ಕೈ ನಿಲ್ಲಲಿಲ್ಲ. "ಸಂಬಂಧ ಇಲ್ಲ ಅಂದ್ರು ಅಂದಿದ್ದಿ?"

"ಅದು ನಾನ ಅಂದದ್ದು."

"ಯಾಕ?"

"ಬೈತಾರಂತ ಅಂಜಿದ್ದೆ."

"ಬೈತಿದ್ದದ್ದು ನಿನಗ. ಹೊಟ್ಟಿ ನಂದು ಇತ್ತು."

ಅಷ್ಟೇ. ಮೂರು ತಿಂಗಳು ಫೋನ್ ಮಾಡಲಿಲ್ಲ. ಮೊನ್ನೆ ತಪಾಸಣೆಯ ದಿನ ಇದೆ ಎಂದು ತಾನಾಗಿಯೇ ಫೋನ್ ಮಾಡಿದಳು. ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಕೂಡಿ ಆ ಲೇಡಿ ಡಾಕ್ಟರ ದವಾಖಾನೆಗೆ ಹೋದೆವು. ನಮ್ಮ ಪಾಳಿ ಬಂದಾಗ ಅವಳು ನನ್ನ ಕೈಯಿಂದ ಫೈಲು ತೆಗೆದುಕೊಂಡು, "ನೀ ಇಲ್ಲೇ ಕುಂದ್ರು," ಎಂದಳು.

ಪರದೆಯ ಆಚೆಯಿಂದ ಅವಳ ತೊದಲು ಮರಾಠಿ ಕೇಳುತ್ತಿತ್ತು. ಡಾಕ್ಟರಿಗೆ ತಿಳಿಯಲಿಲ್ಲ, ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ಹೇಳಿದಳು. ನಾನು ಏಳಲಿಲ್ಲ.