ಯಂತ್ರಕ್ಕೆ ತಿಳಿಯದ ಮೊದಲ ಚೀಲ

ಹುನಗುಂದದ ಕಡಲೆ ಗೋದಾಮಿಗೆ ಮಾತು ಕೇಳಿ ಎಣಿಕೆ ಬರೆದುಕೊಳ್ಳುವ ಯಂತ್ರ ತರಿಸಿದವಳು ಅಲ್ಲಿ ಮೇಲ್ವಿಚಾರಕಿಯಾಗಿದ್ದ ನಾನೇ. ಎಣಿಸುವವರು ಹೆಡ್‌ಫೋನ್ ಹಾಕಿಕೊಂಡು, ಲಾರಿಗೆ ಏರುವ ಚೀಲಗಳನ್ನು ಬಾಯಿಬಿಟ್ಟು ಎಣಿಸಬೇಕು. ಒಂದೊಂದು ಅಂಕಿ ಕೇಳಿದಾಗಲೂ ಅದು ಒಂದೊಂದು ಚೀಲ ಬರೆದುಕೊಳ್ಳುತ್ತದೆ. ಪೆಟ್ಟಿಗೆ ಬಿಚ್ಚಿದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮೂವತ್ತು ವರ್ಷದಿಂದ ಅಲ್ಲಿ ಎಣಿಸುತ್ತಿದ್ದ ಕಾಕಾ ಹೆಡ್‌ಫೋನನ್ನು ರುಮಾಲಿನ ಮೇಲೆಯೇ ಏರಿಸಿಕೊಂಡು, "ಹೆಂಗ ಕಾಣ್ತೇನ್ರಿ ಅಕ್ಕಾರ? ವಿಮಾನ ಹೊಡಿಯಾಂವ ಕಂಡಂಗ?" ಎಂದರು.

ಮೊದಲ ಲಾರಿಯಲ್ಲಿ ಯಂತ್ರ ಒಂದು ಚೀಲ ಕಡಿಮೆ ತೋರಿಸಿತು. ಎರಡನೆಯದರಲ್ಲೂ ಒಂದು. ಇಳಿಸಿ ನೋಡಿದರೆ ಚೀಲಗಳೆಲ್ಲ ಸರಿಯಾಗಿವೆ! ಯಂತ್ರ ತಪ್ಪುವುದಿಲ್ಲವೆಂದು ಡಂಗುರ ಸಾರಿದ್ದವಳೂ ನಾನೇ. ಮೂರನೆಯ ಲಾರಿಗೂ ಹಾಗೇ ಆದಾಗ ಗೋದಾಮಿನ ಸಾಹುಕಾರರು ಸಿಡಿದರು.

"ಕಾಕಾ, ವಯಸ್ಸಾತು. ನಾಳಿಂದ ಮನ್ಯಾಗ ಆರಾಮ ಇರ್ರಿ."

"ಎಣಿಸೂದ ಬಿಟ್ರ ನನಗೇನ ಬರತೈತ್ರಿ?" ಕಾಕಾನ ಮುಖ ಸಣ್ಣದಾಯಿತು.

ನನ್ನಿಂದಲೇ ಆಯಿತಲ್ಲ, ಹಾಳಾದ್ದು! ತಡೆಯಲಾಗದೆ, "ಹಂಗಾರ ನೀವ ಎಣಿಸಿ ತೋರಸ್ರಿ ಸಾವಕಾರ್ರ" ಎಂದುಬಿಟ್ಟೆ.

"ಅದೇನ ದೊಡ್ಡ ವಿದ್ಯಾ?" ಸಾಹುಕಾರರು ಹೆಡ್‌ಫೋನ್ ಕಸಿದು ಹಾಕಿಕೊಂಡರು. ಹತ್ತು ಹಮಾಲರು ಚೀಲ ಹೊತ್ತು ಸಾಲಾಗಿ ಬಂದರು. ಮೊದಲ ಚೀಲ ಏರಿತು.

"ಲಾಭ!" ಎಂದು ಸಾಹುಕಾರರು ಕೂಗಿದರು. "ಎರಡ! ಮೂರ!"

ಹತ್ತು ಚೀಲ ಮುಗಿದವು. ಯಂತ್ರದಲ್ಲಿ ಒಂಬತ್ತು.

ಅಯ್ಯ ಶಿವನೇ! ಕಾಳು ಅಳೆಯಲಿ, ಚೀಲ ಎಣಿಸಲಿ, ನಮ್ಮ ಕಡೆ ಮೊದಲನೆಯದಕ್ಕೆ ಶುಭವಾಗಲೆಂದು ಲಾಭ ಅನ್ನುತ್ತೇವೆ, ಒಂದು ಅನ್ನುವುದಿಲ್ಲ. ಅದೂ ಅಂಕಿಯೇ ಎಂದು ಯಂತ್ರಕ್ಕೆ ಹೇಳಿದವರ್‍ಯಾರು?

"ಲಾಭ ಅಂದ್ರಿ ಸಾವಕಾರ್ರ, ಲಾಭ!" ನಾನು ನಿಂತಲ್ಲೇ ಕುಣಿದೆ. ಹಮಾಲರು ಹೊಟ್ಟೆ ಹಿಡಿದು ನಕ್ಕರು. ಯಂತ್ರದ ಕಂಪನಿಗೆ ಫೋನ್ ಮಾಡಿದರೆ ಆಚೆಯ ಹುಡುಗಿ, "ಲಾಭ ಅಂದ್ರೆ ಎಷ್ಟು ಮೇಡಂ?" ಎಂದು ಕೇಳಿದಳು. "ಒಂದವ್ವಾ, ಬರೇ ಒಂದು!" ಎನ್ನುವಷ್ಟರಲ್ಲಿ ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತ್ತು.

ಸಾಹುಕಾರರು ನಾಚಿ, "ತಪ್ಪಾತು ಕಾಕಾ, ನೀವ ಎಣಸ್ರಿ" ಎಂದು ಹೆಡ್‌ಫೋನ್ ಚಾಚಿದರು.

ಕಾಕಾ ತೆಗೆದುಕೊಂಡರು, ನಗಲಿಲ್ಲ.

"ಮಷಿನ್ ಹೊಸಾದು, ಅದಕ್ಕ ತಿಳೀಲಿಲ್ಲ ಬಿಡ್ರಿ. ನೀವ ಮೂವತ್ತ ವರ್ಷ ನನ್ನ ದನಿ ಕೇಳೀರಿ."

ಸಾಹುಕಾರರು ತಲೆ ತಗ್ಗಿಸಿದರು. ಆ ಮೂರು ಲಾರಿ ತುಂಬುವವರೆಗೂ ಕಾಕಾನ ಪಕ್ಕದಲ್ಲೇ ನಿಂತು ಆ ದನಿ ಕೇಳಿದ್ದ ನನಗೂ ನಗು ನಿಂತಿತು.